ಎದೆನೋವಿನ ಪಾಠ

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರ ಸನ್ನಿಧಿಗೆ ಈ ಅಲ್ಪಮತಿಯ ವಿಜ್ಞಾಪನೆ: ರೋಗವು ಮನುಷ್ಯನ ದೇಹವನ್ನು ಬಾಯಿಯಿಂದಲೋ ಮೂಗಿನಿಂದಲೋ ಪ್ರವೇಶಿಸುತ್ತದೆಂದು ವೈದ್ಯಗ್ರಂಥಗಳು ಸಾರುತ್ತವೆ. ಆದರೆ ಹುಣಸೂರು ತಾಲ್ಲೂಕಿನ ಗಾವಡಗೆರೆಯಲ್ಲಿ ಗೌರೀಶನೆಂಬ ಸಜ್ಜನನ ದೇಹವನ್ನು ಅದು ಹಾಲಿನ ಡೈರಿಯ ಕಿಟಕಿಯಿಂದ ಪ್ರವೇಶಿಸಿತು. ಅದೂ ಅವನು ಕಲ್ಲುಗುಂಡಿನಂತೆ ಆರೋಗ್ಯವಾಗಿದ್ದ ದಿನದಂದೇ. ಆ ಪ್ರಸಂಗವನ್ನು ತಾವು ಕೃಪೆಯಿಟ್ಟು ಆಲಿಸಬೇಕು.

ಎಲ್ಲಕ್ಕೂ ಕಾರಣ ಒಂದು ಇಲಿ.

ಗೌರೀಶ ಡೈರಿಯ ಹಿಂಬದಿಯ ಹಜಾರದಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದ. ಬೆಳಗಿನ ಹಾಲು ಅಳೆದು ಕೊಟ್ಟ ಮೇಲೆ ಹೆಂಗಸರು ಕ್ಯಾನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈಯೊರೆಸಿಕೊಂಡು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಆ ವಾರದ ಪಾಠ ಕಾಯಿಲೆ ಕಸಾಲೆಯದು. ಅದಕ್ಕೆಂದು ಅವನು ಮೈಸೂರಿನಿಂದ ಬಣ್ಣದ ಚಿತ್ರಪಟವೊಂದನ್ನು ತಂದು ಗೋಡೆಗೆ ತೂಗುಹಾಕಿದ್ದ. ತಲೆ ಹಿಡಿದುಕೊಂಡವನೊಬ್ಬ, ಹೊಟ್ಟೆ ಹಿಡಿದುಕೊಂಡವನೊಬ್ಬ, ಕಾಲಿಗೆ ಪಟ್ಟಿ ಕಟ್ಟಿಕೊಂಡು ನಗುತ್ತಿದ್ದವನೊಬ್ಬ. ಹಿಂಡಿಯ ವಾಸನೆ ಹಿಡಿದು ಬಂದ ಇಲಿ, ಹಿಂಡಿ ಸಿಕ್ಕದ ಸಿಟ್ಟಿಗೋ ಏನೋ, ಈ ರೋಗಿಗಳನ್ನೆಲ್ಲ ರಾತ್ರೋರಾತ್ರಿ ನುಂಗಿ, ನೆಗಡಿಯಾದವನ ಮೂಗನ್ನು ಮಾತ್ರ ಉಳಿಸಿತ್ತು.

"ಚಿತ್ರ ಹೋದ್ರೆ ಹೋಗ್ಲಿ ಬಿಡಿ, ನಾನೇ ಮಾಡಿ ತೋರಿಸ್ತೀನಿ" ಎಂದ ಗೌರೀಶ.

ಅವನು ಹಾಗೆನ್ನಬಾರದಿತ್ತು. ಉಳಿದ ದಿನಗಳಲ್ಲಿ ಅಂದಿದ್ದರೆ ಬಾಧಕವಿರಲಿಲ್ಲ. ಅಂದು ಮಾತ್ರ ಅನ್ನಬಾರದಿತ್ತು. ಏಕೆಂದರೆ ಆ ಭಾಗದ ಒಕ್ಕಲು ಮನೆತನಗಳಲ್ಲಿ ಒಂದು ಪದ್ಧತಿಯುಂಟು. ಹೆಣ್ಣಿನ ಕಡೆಯವರು ನೆಂಟಸ್ತನದ ಚಾಪೆಯ ಮೇಲೆ ಕೂರುವುದಕ್ಕೆ ಮೊದಲು ತಮ್ಮಲ್ಲೊಬ್ಬ ಹಿರಿಯನನ್ನು ಸದ್ದಿಲ್ಲದೆ ಗಂಡಿನ ಊರಿಗೆ ಕಳಿಸುತ್ತಾರೆ. ಅವನು ಗಂಡಿನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹೋಟೆಲಿನಲ್ಲಿ ಟೀ ಕುಡಿಯುತ್ತಾನೆ, ಕಟಿಂಗ್ ಶಾಪಿನಲ್ಲಿ ಗಡ್ಡ ಕೆರೆಸುತ್ತಾನೆ, ಮಾತಿನ ನಡುವೆ "ಆ ಮೇಷ್ಟ್ರು ಎಂಗೆ?" ಎನ್ನುತ್ತಾನೆ. ಊರು ಕೊಡುವ ಉತ್ತರವೇ ಜಾತಕ. ಹೊಸ ಅಗ್ರಹಾರದಿಂದ ಹುಡುಗಿಯ ಸೋದರಮಾವ ಗೋವಿಂದಯ್ಯ ಅಂದೇ ಬರುತ್ತಾನೆಂದು ಮದುವೆ ಕುದುರಿಸುವ ಮಂಟಯ್ಯ ಮುಂಜಾನೆಯೇ ಫೋನಿನಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ದ.

ಹುಡುಗಿಯ ಹೆಸರು ಅನುಶ್ರೀ. ಗೌರೀಶ ಅವಳನ್ನು ಕಂಡದ್ದು ಒಮ್ಮೆ, ಬಳಗದವರ ಮದುವೆಯೂಟದ ಪಂಕ್ತಿಯಲ್ಲಿ. ಸಾರು ಬಡಿಸಿದವಳಿಗೆ ಅವನು ಪಾಠದ ಅಭ್ಯಾಸಬಲದಿಂದ "ವೆರಿ ಗುಡ್" ಎಂದುಬಿಟ್ಟಿದ್ದ. ಅವಳು ಸೌಟನ್ನು ಅಲ್ಲಿಯೇ ನಿಲ್ಲಿಸಿ, "ಮೇಷ್ಟ್ರೇ, ಸಾರಿಗೂ ಮಾರ್ಕ್ಸ್ ಕೊಡ್ತೀರಾ?" ಎಂದು ಮುಖ ತುಂಬ ನಕ್ಕಿದ್ದಳು. ಆಮೇಲೆ ಅವನಿಗೆ ಯಾವ ಮನೆಯ ಸಾರೂ ರುಚಿಸಲಿಲ್ಲ. ಮೂವತ್ತು ದಾಟಿದ ಮೇಲೆ ಬಂದ ಹೆಣ್ಣುಗಳೆಲ್ಲ "ಸರ್ಕಾರಿ ಕೆಲಸವಲ್ಲವಲ್ಲ" ಎಂದು ಹಿಂದಿರುಗಿದ್ದವು. ಈ ಒಂದು ಸಂಬಂಧವನ್ನು ಮಾತ್ರ ಅವನು ತಾನೇ ನಾಚಿಕೆ ಬಿಟ್ಟು ಮಂಟಯ್ಯನ ಕಿವಿಗೆ ಹಾಕಿದ್ದ.

"ಲೋ ಮಗ, ಇವತ್ತೊಂದಿನ ಯಾರ ತಾವೂ ಜಗಳ ಆಡ್ಬ್ಯಾಡ, ಎಲ್ಲೂ ಎಡವಿ ಬೀಳ್ಬ್ಯಾಡ. ಸುಮ್ಕೆ ಚೆಂದಾಗಿ ಕಾಣುಸ್ಕೊ, ಸಾಕು" ಎಂದು ತಾಯಿ ಚಾಮುಂಡಮ್ಮ ಇಸ್ತ್ರಿ ಮಾಡಿದ ಅಂಗಿಯನ್ನು ತೊಡಿಸಿ ಕಳಿಸಿದ್ದಳು.

ಪಾಠ ಆರಂಭವಾಯಿತು. ಮುಂದಿನ ಸಾಲಿನಲ್ಲಿ ರಮ್ಯ. ಮೈಸೂರಿನ ನರ್ಸಿಂಗ್ ಹೋಮೊಂದರ ಕೌಂಟರಿನಲ್ಲಿ ಕೂರುವ ಕೆಲಸ ಅವಳಿಗೆ ನಿಶ್ಚಯವಾಗಿತ್ತು. ಅವಳ ಪಕ್ಕದಲ್ಲಿ ಊರಿನ ಮುದುಕಿ ತಿಮ್ಮಮ್ಮ. ಈ ವಯಸ್ಸಿನಲ್ಲಿ ಇಂಗ್ಲಿಷ್ ಏಕೆಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ನನ್ ಹೊಟ್ಟೆ ನೋಡ್ಕೊಂಡು ಆ ಡಾಕ್ಟ್ರೂ ನನ್ ಸೊಸೆನೂ ಇಂಗ್ಲೀಸ್ನಾಗೆ ಮಾತಾಡ್ಕತಾರೆ ಕಣವ್ವ. ಹೊಟ್ಟೆ ನಂದು, ಮಾತು ಅವರ್ದು. ನಂಗೊಂದೀಟು ತಿಳೀಬ್ಯಾಡ್ವಾ?"

ಗೌರೀಶ ಹಣೆಯನ್ನು ಅದುಮಿಕೊಂಡು ನರಳಿದ. "ಹಿ ಹ್ಯಾಸ್ ಎ ಹೆಡೇಕ್" ಎಂದಿತು ತರಗತಿ. ಹೊಟ್ಟೆ ಹಿಡಿದು ಬಾಗಿದ. "ಹಿ ಹ್ಯಾಸ್ ಎ ಸ್ಟಮಕೇಕ್" ಎಂದಿತು.

"ಮೇಷ್ಟ್ರೇ, ಉಷ್ಣ ಆಗೈತೆ ಅನ್ನಕ್ಕೆ ಏನಂತಾರೆ?" ಎಂದಳು ತಿಮ್ಮಮ್ಮ.

"ಅದಕ್ಕೆ ಇಂಗ್ಲಿಷ್‌ನಲ್ಲಿ ಸರಿಯಾದ ಪದ ಇಲ್ಲ ತಿಮ್ಮಮ್ಮ."

"ಅಂಗಾರೆ ಅವ್ರಿಗೆ ಉಷ್ಣ ಆಗಾದೇ ಇಲ್ವಾ?"

"ಆಗುತ್ತೋ ಏನೋ. ಅವರಿಗೆ ಗೊತ್ತಾಗೋದಿಲ್ಲ."

"ಅಯ್ ಪಾಪ! ಒಂದು ಲೋಟ ಮಜ್ಜಿಗೆ ಕೊಡೋರಿಲ್ದೆ ಎಷ್ಟು ಜನ ಸತ್ರೋ!"

ತರಗತಿ ನಕ್ಕಿತು. ನಗುವಿನಿಂದ ಹುರುಪುಗೊಂಡ ಗೌರೀಶ ಎದೆನೋವಿಗೆ ಕೈಹಾಕಿದ. ಎಡಗೈಯಿಂದ ಎದೆಯನ್ನು ಹಿಡಿದ, ಕಣ್ಣು ಮೇಲಕ್ಕೆ ಸಿಕ್ಕಿಸಿದ, ಬುಡ ಕಡಿದ ಬಾಳೆಯ ಹಾಗೆ ನೆಲಕ್ಕೆ ಬಿದ್ದ. ಬಿದ್ದ ಮೇಲೂ ಕಲೆಯ ಮೇಲಿನ ಪ್ರೀತಿಗಾಗಿ ಕಾಲನ್ನೊಮ್ಮೆ ಝಾಡಿಸಿದ. ಹೆಂಗಸರು ಸುತ್ತ ಕುಳಿತು, ಭಜನೆಯವರಂತೆ ತೂಗುತ್ತ, "ಹಿ ಹ್ಯಾಸ್ ಚೆಸ್ಟ್ ಪೇನ್, ಹಿ ಹ್ಯಾಸ್ ಚೆಸ್ಟ್ ಪೇನ್" ಎಂದು ಒಪ್ಪಿಸತೊಡಗಿದರು.

ಅದೇ ಕ್ಷಣಕ್ಕೆ ಡೈರಿಯ ಕಾರ್ಯದರ್ಶಿ ಷಣ್ಮುಖಪ್ಪ ಕಿಟಕಿಯಲ್ಲಿ ಇಣುಕಿದ. ಪರೋಪಕಾರಕ್ಕೆಂದೇ ಹುಟ್ಟಿದ ಮನುಷ್ಯ. ಯಾರ ಮನೆಯಲ್ಲಿ ಹೊಗೆ ಕಂಡರೂ, ಅದು ಒಲೆಯದೋ ಬೆಂಕಿ ಬಿದ್ದದ್ದೋ ಎಂದು ವಿಚಾರಿಸದೆ ನೀರು ಎರಚುವವನು. ಮೇಷ್ಟರು ನೆಲದ ಮೇಲೆ, ಹೆಂಗಸರು ಸುತ್ತಲೂ, ಬಾಯಲ್ಲಿ ಏನೋ ಮಂತ್ರ. ಅವನು ಒಳಗೆ ಬರಲಿಲ್ಲ. ನೇರವಾಗಿ ಹಾಲಿನವರನ್ನು ಕರೆಯುವ ಮೈಕಿನ ಬಳಿಗೆ ಓಡಿದ.

"ಎಲ್ಲಾ ಹಾಲು ಉತ್ಪಾದಕರ ಗಮನಕ್ಕೆ! ನಮ್ ಇಂಗ್ಲೀಸ್ ಮೇಷ್ಟ್ರು ಗೌರೀಶ್ ಅವರು ಎದೆನೋವು ಬಂದು ಡೈರಿ ಇಂದ್ಗಡೆ ಬಿದ್ದವ್ರೆ. ಗಾಡಿ ಇರೋರು ಗಾಡಿ ತನ್ನಿ. ಅಂಗೇ ಹಿಂಡಿ ಮೂಟೆ ಬಂದೈತೆ, ಬೇಕಾದೋರು ತಗಂಡು ಓಗಿ."

ಈ ಘೋಷಣೆ ಕೆರೆಯ ಏರಿಯನ್ನು ದಾಟಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳನ್ನು ದಾಟಿ, ಬಸ್ ನಿಲ್ದಾಣದವರೆಗೂ ಹರಡಿತು. ಗೌರೀಶ ಧಡಕ್ಕನೆ ಎದ್ದು ಹೊರಗೆ ಓಡಿದ.

"ಓಡ್ಬ್ಯಾಡಿ! ಓಡ್ಬ್ಯಾಡಿ ಮೇಷ್ಟ್ರೇ, ಅಲ್ಲೇ ನಿಂತುಬುಡ್ತದೆ!" ಎಂದು ಜನ ಅವನ ಹಿಂದೆ ಓಡಿದರು.

"ನನಗೇನೂ ಆಗಿಲ್ಲ ಕಣ್ರೀ! ಪಾಠ ಮಾಡ್ತಿದ್ದೆ!"

"ಅಂಗೇ ಅನ್ನಾದು. ನಮ್ ಬಾವನೂ 'ಏನಿಲ್ಲ, ಏನಿಲ್ಲ' ಅಂತ್ಲೇ ಓದ" ಎಂದ ಷಣ್ಮುಖಪ್ಪ, ಕಣ್ಣೊರೆಸಿಕೊಂಡು.

ಗೌರೀಶ ಸಾಕ್ಷಿಗಾಗಿ ತಿಮ್ಮಮ್ಮನ ಕಡೆ ತಿರುಗಿದ. "ತಿಮ್ಮಮ್ಮ, ನೀವಾದ್ರೂ ಹೇಳಿ, ಒಳಗೆ ಏನಾಯ್ತು ಅಂತ."

ಇಷ್ಟೊಂದು ಜನ ತನ್ನ ಬಾಯಿಯನ್ನೇ ನೋಡುವ ಸಂದರ್ಭ ತಿಮ್ಮಮ್ಮನಿಗೆ ಜನ್ಮದಲ್ಲಿ ಒದಗಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ಕಲಿತದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು: "ಹಿ ಹ್ಯಾಸ್ ಚೆಸ್ಟ್ ಪೇನ್."

ಇಂಗ್ಲಿಷಿನಲ್ಲಿ ಬಂದ ಸಾಕ್ಷ್ಯವನ್ನು ಅಲ್ಲಗಳೆಯುವವರು ಯಾರು? ಗೌರೀಶನನ್ನು ಎತ್ತಿ, ಹಾಲಿನ ಕ್ಯಾನುಗಳ ನಡುವೆ ಗೂಡ್ಸ್ ಆಟೋದಲ್ಲಿ ಮಲಗಿಸಿ, ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿನ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಸ್ವಲ್ಪ ಜಾಸ್ತಿ ಐತೆ. ಓಡಿ ಬಂದ್ರಾ?" ಎಂದರು.

"ನಾನು ಓಡಿದ್ದು ಇವರಿಂದ ತಪ್ಪಿಸ್ಕೊಳ್ಳೋಕೆ ಸಿಸ್ಟರ್."

"ಒಂದ್ ಗಳಿಗೆ ಕೂತು ಸುಧಾರಿಸ್ಕೊಂಡು ಹೋಗಿ. ಏನೂ ತೊಂದರೆ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಗುಂಪು ಮೊದಲ ವಾಕ್ಯವನ್ನು ಕೇಳಿಸಿಕೊಂಡು ಊರಿಗೆ ಹೊರಟುಹೋಗಿತ್ತು. ಕೊನೆಯದಕ್ಕೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ.

ಅವನು ಮನೆ ಮುಟ್ಟುವ ಹೊತ್ತಿಗೆ ಜಗಲಿಯ ಮೇಲೆ ಬ್ರೆಡ್ಡಿನ ಪೊಟ್ಟಣಗಳೂ ಎಳನೀರೂ ರಾಶಿ ಬಿದ್ದಿದ್ದವು. ಕಾಯಿಲೆಯವರನ್ನು ಮಾತಾಡಿಸಿ ಬರುವುದು ಊರಿನ ಧರ್ಮ. ಬರಿಗೈಯಲ್ಲಿ ಹೋಗದಿರುವುದು ಅದರ ಉಪಧರ್ಮ. ಬಂದವರು ಚಾಪೆಯ ಮೇಲೆ ಕುಳಿತು, ಯಾರ ಎದೆ ಯಾವ ಹೊಲದಲ್ಲಿ, ಯಾವ ಬದುವಿನ ಮೇಲೆ ನಿಂತುಹೋಯಿತೆಂಬ ಕಥಾನಕಗಳನ್ನು ಸಾವಧಾನವಾಗಿ ನಿರೂಪಿಸುತ್ತಿದ್ದರು. ಚಾಮುಂಡಮ್ಮ ಒಂದು ಕಣ್ಣಿನಲ್ಲಿ ಅಳುತ್ತ, ಇನ್ನೊಂದರಲ್ಲಿ ಬಾಗಿಲು ಕಾಯುತ್ತಿದ್ದಳು.

"ಅವ್ವ, ನೀನಾದ್ರೂ ನಂಬು."

"ನಂಬ್ತೀನಿ ಕಣೋ. ನಾನು ನಂಬಿದ್ರೆ ಏನಾತು? ಇವತ್ತು ಬರೋನು ನಂಬ್ಬೇಕಲ್ಲ!"

ಅದೇ ವೇಳೆಗೆ ಎಳನೀರು ತಂದವನೊಬ್ಬ ಸುದ್ದಿಯನ್ನೂ ಜೊತೆಗೆ ತಂದ. "ನಂಜಣ್ಣನ ಓಟ್ಲಲ್ಲಿ ಯಾರೋ ಹೊಸಬ್ರು ಕುಂತವ್ರೆ. ಹೊಸ ಅಗ್ರಹಾರದ ಕಡೆಯೋರಂತೆ. ನಿಮ್ ಇಚಾರವೇ ಕೇಳ್ತಾವ್ರೆ ಮೇಷ್ಟ್ರೇ. ಎಷ್ಟು ಒಳ್ಳೆ ಜನ ನೋಡಿ, ಅಷ್ಟು ದೂರದಿಂದ ಮಾತಾಡ್ಸಕ್ಕೆ ಬಂದವ್ರೆ!"

ಗೌರೀಶ ಬಾಣದಂತೆ ಹೊರಟ.

ಹೋಟೆಲಿನ ಬೆಂಚಿನ ಮೇಲೆ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೊಂದು ಟವೆಲ್ಲು ಹಾಕಿ, ಅಂಗಿಯ ಜೇಬಿನಲ್ಲಿ ಫೋನು ಇಟ್ಟುಕೊಂಡ ಹಿರಿಯನೊಬ್ಬ ಕುಳಿತಿದ್ದ. ಸೋದರಮಾವ ಗೋವಿಂದಯ್ಯನೆಂದರೆ ಇವನೇ ಎಂಬುದು, ಟೀಗಿಂತ ಹೆಚ್ಚಾಗಿ ಊರನ್ನು ಹೀರುತ್ತಿದ್ದ ಅವನ ಬಗೆಯಿಂದಲೇ ತಿಳಿಯುತ್ತಿತ್ತು. ನಂಜಣ್ಣ ಅವನ ಮುಂದೆ ನಿಂತು ಹೇಳುತ್ತಿದ್ದ: "ಬಂಗಾರದಂಥ ಮನ್ಸ ಸ್ವಾಮಿ. ಒಂದು ಬೀಡಿ ಸೇದಾಕಿಲ್ಲ. ಆದ್ರೆ ಏನ್ಮಾಡಾದು, ಎದೆ ಕೈಕೊಡ್ತು."

"ಯಾರ ಎದೆ ಕೈಕೊಟ್ಟಿದ್ದು?" ಎಂದು ಗೌರೀಶ ಗುಡುಗಿದ.

ಡೈರಿಯಿಂದ ಬಂದ ಹಿಂಡಿ ಮೂಟೆಯೊಂದು ಹೋಟೆಲಿನ ಮುಂದೆ ಬಿದ್ದಿತ್ತು. ಅವನು ಅಂಗಿಯ ತೋಳು ಮಡಿಸಿ, ಅದನ್ನು ಬೆನ್ನಿಗೇರಿಸಿದ. ಬೆನ್ನಿನಲ್ಲಿ ಏನೋ ಲಟಕ್ಕೆಂದಿತು, ಅವನು ಕೇಳಿಸಿಕೊಳ್ಳಲಿಲ್ಲ. ಮೂಟೆ ಹೊತ್ತು ಹೋಟೆಲನ್ನು ಪ್ರದಕ್ಷಿಣೆ ಹಾಕಿದ, ಮತ್ತೊಮ್ಮೆ ಹಾಕಿದ. ಜನ ಬಾಯಿ ಬಿಟ್ಟುಕೊಂಡು ನಿಂತರು. ಷಣ್ಮುಖಪ್ಪ ಕೂಡ ಬಂದು, "ಅರೆ, ಎತ್ತು ಕಣ್ರೀ, ಎತ್ತು!" ಎಂದು ಉದ್ಗರಿಸಿದ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಬೆಳಗಿನಿಂದ ಬಾಯಿ ಕಟ್ಟಿಹೋಗಿದ್ದ ಮನುಷ್ಯನಿಗೆ ಕೊನೆಗೊಮ್ಮೆ ಕೇಳುವ ಕಿವಿಗಳು ದೊರೆತಿದ್ದವು. ಮೂಟೆಯನ್ನು ಇಳಿಸಿ, ಗೋವಿಂದಯ್ಯನಿಗೆ ಎದುರಾಗಿ ನಿಂತು, ಎದೆಯನ್ನು ಗುದ್ದಿಕೊಂಡು ಹೇಳಿದ:

"ನೋಡಿ ಯಜಮಾನ್ರೇ, ನಮ್ಮ ವಂಶದಲ್ಲಿ ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ಫಿಟ್ಸ್ ಇಲ್ಲ. ಹುಟ್ಟಿದಾಗಿಂದ ನಾನು ಮಾತ್ರೆ ನುಂಗಿದವನಲ್ಲ. ಕಾಯಿಲೆಯವರನ್ನ ನಾವು ಮನೆಯಿಂದ ಕೊಟ್ಟೂ ಇಲ್ಲ, ಮನೆಗೆ ತಂದೂ ಇಲ್ಲ, ತರೋದೂ ಇಲ್ಲ! ಮಾತ್ರೆ ಡಬ್ಬಿ ಇಟ್ಕೊಂಡು ಸಂಸಾರ ಮಾಡೋಕಾಗುತ್ತಾ?"

ಜನ ಚಪ್ಪಾಳೆ ತಟ್ಟಿದರು. ಗೋವಿಂದಯ್ಯ ಮಾತ್ರ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಜೇಬಿನ ಫೋನನ್ನು ತೆಗೆದು ಒಂದು ಗಳಿಗೆ ನೋಡಿ, ಮತ್ತೆ ಒಳಗಿಟ್ಟ.

"ಒಳ್ಳೆ ಆರೋಗ್ಯ ಮೇಷ್ಟ್ರೇ. ಹಿಂಗೇ ಇರಿ" ಎಂದು ಎದ್ದು ಬಸ್ ನಿಲ್ದಾಣದ ಕಡೆಗೆ ನಡೆದ.

ಗೆದ್ದೆನೆಂದೇ ಗೌರೀಶ ಭಾವಿಸಿದ. ಗೆದ್ದವನು ಸುಮ್ಮನಿರಲಾರ, ಹಿಂದೆಯೇ ಹೋಗಿ ಕೈಜೋಡಿಸಿದ. ಊರೂ ಅವನ ಹಿಂದೆಯೇ ಬಂತು.

"ತಮ್ಮನ್ನ ಗುರುತು ಹಿಡಿದೆ. ಮನೆಗೆ ಬಂದು ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ. ಅವ್ವ ಕಾಯ್ತಾ ಇದಾರೆ."

ಗೋವಿಂದಯ್ಯ ಅವನ ಮುಖವನ್ನು ದೀರ್ಘವಾಗಿ ನೋಡಿದ. ಆಮೇಲೆ ಗುಂಪಿನಿಂದ ನಾಲ್ಕು ಹೆಜ್ಜೆ ಆಚೆಗೆ ಕರೆದೊಯ್ದು, ತಗ್ಗಿದ ದನಿಯಲ್ಲಿ ಹೇಳಿದ.

"ನೀವು ಮರ್ವಾದಸ್ಥರು, ನಿಮ್ಮತ್ರ ಮುಚ್ಚುಮರೆ ಯಾಕೆ? ನಮ್ ಹುಡ್ಗಿಗೆ ಚಿಕ್ಕೋಳಾಗಿದ್ದಾಗಿಂದ ಫಿಟ್ಸು ಐತೆ. ಮಾತ್ರೆ ತಗೋತಾಳೆ, ಈಚೆಗೆ ಬಂದೇ ಇಲ್ಲ. ಆದ್ರೂ ಬಂದ ಗಂಡುಗಳಿಗೆಲ್ಲ ಮೊದ್ಲೇ ಹೇಳ್ಬುಡ್ತೀವಿ. ಹೇಳಿದ್ ತಕ್ಷಣ ಎದ್ದೋಗ್ತಾರೆ. ಇವತ್ತು ನಾನು ವಿಚಾರ್ಸಕ್ಕೆ ಬಂದಿದ್ದಲ್ಲ. 'ಗಟ್ಟಿಮುಟ್ಟಾದ ಮೇಷ್ಟ್ರು, ಒಪ್ಪಾಕಿಲ್ಲ, ನಾವೇ ಬ್ಯಾಡ ಅಂದ್ಬುಡಾನ' ಅಂತ ಮಂಟಯ್ಯಂಗೆ ಹೇಳಿ ಓಗಾನ ಅಂತ ಬಂದೆ. ಬಸ್ ಇಳಿತಾ ಇದ್ದಂಗೆ ಮೈಕಲ್ಲಿ ನಿಮ್ ಎದೆನೋವು ಕೇಳುಸ್ತು."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ತಪ್ಪು ತಿಳೀಬ್ಯಾಡಿ. ನಂಗೆ ಸಂತೋಸ ಆಯ್ತು. ಆ ಪಾಪ ನಂಗಿರ್ಲಿ. ಅನುಶ್ರೀಗೆ ಫೋನ್ ಮಾಡ್ದೆ. ಅವ್ಳು ಏನಂದ್ಲು ಗೊತ್ತಾ? 'ಹಂಗಾರೆ ಮಾವ, ಅವ್ರಿಗೂ ಡಾಕ್ಟ್ರು ಹತ್ರ ಕಾಯೋದು ಗೊತ್ತಿರುತ್ತೆ. ನಂಗೆ ಒಪ್ಗೆ. ನೀನು ನೋಡ್ಕೊಂಡು ಬಾ' ಅಂದ್ಲು. ಅದ್ಕೇ ನಂಜಣ್ಣನ ಓಟ್ಲಲ್ಲಿ ಕುಂತಿದ್ದು. ಎಂಥ ಕಾಯಿಲೆ, ಎಷ್ಟು ದಿಸದ್ದು ಅಂತ ಕೇಳ್ತಿದ್ದೆ. ಜಾಸ್ತಿ ಇರ್ಲಪ್ಪಾ ಅಂತ ಬೇಡ್ಕೋತಿದ್ದೆ."

ಬೆಳಗಿನಿಂದ ಊರೆಲ್ಲ ಓಡಾಡಿ, ತಳ್ಳಿ, ಕೂಗಿ, ಹೊತ್ತು ತಾನು ಹೊರಗೆ ಹಾಕಿದ್ದು ಮನೆಗೆ ಬರಲಿದ್ದ ಹೆಣ್ಣನ್ನೇ ಎಂದು ಗೌರೀಶನಿಗೆ ಈಗ ತಿಳಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನು ಎದೆಯನ್ನು ಹಿಡಿದುಕೊಂಡ.

"ಮಾವ... ನಿಜ ಹೇಳ್ಬೇಕಂದ್ರೆ ನನಗೆ ಎದೆನೋವು ಇದೆ. ಈಗ್ಲೂ ಬರ್ತಾ ಇದೆ."

"ಸುಳ್ಳು ಸ್ವಾಮಿ!" ಎಂದು ಷಣ್ಮುಖಪ್ಪ ಗುಂಪಿನಿಂದ ಸಿಡಿದು ಬಂದ. ಮಾಡಿದ ತಪ್ಪನ್ನು ತಿದ್ದಿಕೊಳ್ಳುವ ಪುಣ್ಯಕಾರ್ಯ ತಾನಾಗಿ ಒದಗಿದಾಗ ಅವನು ಬಿಡುವವನಲ್ಲ. "ನಂಬ್ಬ್ಯಾಡಿ! ಬೆಳಿಗ್ಗೆ ನಂಗೂ ಇಂಗೇ ಆಟ ಕಟ್ಟಿದ್ರು. ಇವ್ರ ಎದೆ ಬಂಡೆ ಕಣ್ರೀ, ಬಂಡೆ! ಇಡೀ ಊರು ನೋಡೈತೆ!"

"ನಾವ್ ನೋಡೀವಿ!" ಎಂದಿತು ಊರು.

"ಆಸ್ಪತ್ರೆಯ ಸಿಸ್ಟರೇ ಏನೂ ಇಲ್ಲ ಅಂದವ್ರಂತೆ" ಎಂದ ನಂಜಣ್ಣ. ಅದು ಅವನಿಗೆ ಈಗ ಹೇಗೆ ತಿಳಿಯಿತೋ!

"ಬೆನ್ನು... ಬೆನ್ನಾದ್ರೂ ನಿಜವಾಗ್ಲೂ ನೋಯ್ತಿದೆ" ಎಂದ ಗೌರೀಶ. ಅದು ಸತ್ಯವಾಗಿತ್ತು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ರಮ್ಯಳೊಬ್ಬಳು ನಗಲಿಲ್ಲ; "ಸುಮ್ನಿರ್ರೀ ಎಲ್ರೂ" ಎಂದಳು. ಅವಳ ಮಾತನ್ನು ಯಾರೂ ಕೇಳಲಿಲ್ಲ.

ಹೊಸ ಅಗ್ರಹಾರದ ಮೇಲೆ ಹೋಗುವ ಕೆ.ಆರ್. ನಗರದ ಬಸ್ಸು ತಿರುವಿನಲ್ಲಿ ಕಾಣಿಸಿತು. ಗೌರೀಶ ಆಟ ಬಿಟ್ಟ. ಎದೆಯ ಮೇಲಿನ ಕೈಯನ್ನು ಇಳಿಸಿ, ಆ ದಿನ ಮೊದಲ ಬಾರಿಗೆ ಮೆಲುದನಿಯಲ್ಲಿ ಮಾತಾಡಿದ.

"ನಾನು ಆ ಮಾತು ಭಯದಿಂದ ಆಡಿದ್ದು. ಮನಸ್ಸಿನಿಂದ ಬಂದದ್ದಲ್ಲ. ಅವರಿಗೆ ಏನಿದ್ರೂ ನನಗೆ ಒಪ್ಪಿಗೆ ಇದೆ. ಇದಿಷ್ಟು ಅವರಿಗೆ ಹೇಳಿ."

"ನಾನು ನಂಬ್ತೀನಿ ಮೇಷ್ಟ್ರೇ" ಎಂದ ಗೋವಿಂದಯ್ಯ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಗೌರೀಶ ಇನ್ನಷ್ಟು ವಾದಿಸಬಹುದಾಗಿತ್ತು. "ಆದ್ರೆ ನಾ ಹೇಳಾದು ಎಲ್ಲುಳಿದೈತೆ? ನೀವು ಓಟ್ಲಿಗೆ ಬರೋದು ಕಾಣ್ತಿದ್ದಂಗೆ ಅವ್ಳಿಗೆ ಫೋನ್ ಹಚ್ಚಿ ಜೇಬಲ್ಲಿ ಇಟ್ಕಂಡಿದ್ದೆ. ಅವ್ಳೇ ಕೇಳಿದ್ಲು, 'ಮಾವ, ಅವ್ರು ಮಾತಾಡೋದು ಒಂದ್ಸಲ ಕೇಳ್ಸು' ಅಂತ."

"ಕೇಳಿ... ಏನಂದ್ರು?"

"ಮಾತ್ರೆ ಡಬ್ಬಿ ಅಂದ್ರಲ್ಲ, ಅಷ್ಟಕ್ಕೆ ಫೋನ್ ಇಟ್ಬುಟ್ಲು."

ಅವನು ಬಸ್ಸು ಹತ್ತಿದ. ಕಿಟಕಿಯಿಂದ ಒಮ್ಮೆ ಕೈಯೆತ್ತಿದ. ಆಶೀರ್ವಾದವೋ ವಿದಾಯವೋ ತಿಳಿಯಲಿಲ್ಲ. ಬಸ್ಸಿನ ಧೂಳು ಇಳಿಯುವ ಮೊದಲೇ ಡೈರಿಯ ಮೈಕು ಮತ್ತೆ ಬಾಯಿಬಿಟ್ಟಿತು. ಮೇಷ್ಟರು ಸಂಪೂರ್ಣ ಆರೋಗ್ಯವಾಗಿದ್ದಾರೆಂದೂ, ಬ್ರೆಡ್ಡು ಎಳನೀರು ತಂದವರು ಅವನ್ನು ವಾಪಸು ಕೇಳಬಾರದೆಂದೂ, ಷಣ್ಮುಖಪ್ಪ ಹರ್ಷದಿಂದ ಸಾರಿದ. ಜನ ಒಬ್ಬೊಬ್ಬರಾಗಿ ಸಂಜೆಯ ಹಾಲು ಕರೆಯಲು ಹೊರಟರು.

ತಮಗೆ ಇದನ್ನು ವಿಜ್ಞಾಪಿಸುತ್ತಿರುವ ನಾನು ಆ ದಿನಗಳಲ್ಲಿ ನಂಜಣ್ಣನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದೆ. ಒಂದೂರಿನ ನೀರು ಮೈಗೆ ಹತ್ತಿತೆಂದರೆ ನನಗೆ ಕಾಲು ನಿಲ್ಲುವುದಿಲ್ಲ; ಮೇಲಾಗಿ ಅಂದು ಆ ಹೋಟೆಲಿನ ನಗುವನ್ನು ಕೇಳುತ್ತ ಇರುವುದು ಸಾಧ್ಯವಾಗಲಿಲ್ಲ. ಪಂಚೆಯನ್ನೂ ರಟ್ಟು ಕಿತ್ತ ಪುಸ್ತಕಗಳನ್ನೂ ಚೀಲಕ್ಕೆ ತುರುಕಿ, ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿ, ನಿಲ್ದಾಣಕ್ಕೆ ಬಂದೆ. ಗೌರೀಶ ಇನ್ನೂ ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದ.

"ಹೊಸ ಅಗ್ರಹಾರದ ಕಡೆಗಾ?" ಎಂದು ಕೇಳಿದ, ನನ್ನ ಚೀಲವನ್ನು ನೋಡಿ.

"ಅಲ್ಲ. ಹುಣಸೂರಿಗೆ. ಅಲ್ಲಿಂದ ಹಂಪಾಪುರದ ಕಡೆಗೆ."

ಅವನು ತಲೆಯಾಡಿಸಿ, ಬೆನ್ನನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಸರಿದು, ನನಗೆ ಜಾಗ ಬಿಟ್ಟ. ನನ್ನ ಬಸ್ಸು ಬರುವವರೆಗೂ ನಾವಿಬ್ಬರೂ ಗೋವಿಂದಯ್ಯನ ಬಸ್ಸು ಹೋದ ಎದುರು ದಿಕ್ಕಿನ ರಸ್ತೆಯನ್ನೇ ನೋಡುತ್ತ ಕುಳಿತಿದ್ದೆವು. ಬಸ್ಸು ಬಂದಿತು. ಚೀಲ ಹೆಗಲಿಗೇರಿಸಿ ಹತ್ತಿದೆ.